"ಸರ್ವರ್ ಇಲ್ಲ" ಎಂಬ ಉತ್ತರದ ಒಳಗೇನಿದೆ?

ಸದಸ್ಯ ಬಾಂಧವರು ಈಚಿನ ವರ್ಷಗಳಲ್ಲಿ ಕೌಂಟರುಗಳ ಮುಂದೆ ನಿಂತು ಅತಿ ಹೆಚ್ಚು ಸಲ ಕೇಳಿರುವ ಮಾತು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬುದೇ ಆಗಿರಬೇಕು. ನಾಡಕಚೇರಿಗೆ ಪಹಣಿಗೆಂದು ಹೋದರೂ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಲು ಹೋದರೂ, ಸಂಘಕ್ಕೆ ಸಾಲದ ಕಂತು ಕಟ್ಟಲು ಬಂದರೂ ಅದೇ ಉತ್ತರ. ಹೆತ್ತೂರು, ಹಾನುಬಾಳು, ಎಸಳೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರಿಗೆ, ಪಾಳ್ಯ, ಕುಂದೂರು ಕಡೆಯಿಂದ ಕೊಯ್ಲಿನ ಆಳುಗಳನ್ನು ತೋಟದಲ್ಲಿ ಬಿಟ್ಟು ಬಂದವರಿಗೆ ಈ ಒಂದು ಮಾತಿನಿಂದ ಒಂದು ದಿನವೇ ಹೋಗುತ್ತದೆ. ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಹೋಗುವುದುಂಟು. 2023-24ರ ರಾಜ್ಯ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ಸೌಲಭ್ಯವಿರುವುದು ಗಡುವಿನೊಳಗೆ ಹಿಂದಿರುಗಿಸಿದವರಿಗೆ. ಗಡುವಿನ ಕೊನೆಯ ದಿನ ಹಣ ಕೈಯಲ್ಲಿದ್ದೂ ಜಮಾ ಆಗದೆ ಹೋದರೆ ಆ ಸದಸ್ಯನ ಸಂಕಟ ಏನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಕೆ ಗರಿ ಹಳದಿಯಾದಾಕ್ಷಣ ಅದು ಹಳದಿ ಎಲೆ ರೋಗವೇ ಎಂದು ನಾವು ತೀರ್ಮಾನಿಸುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಗೊಬ್ಬರ ಸಾಲದೆ ಹೋಗಿದೆಯೇ ಎಂದು ನೋಡಿ, ಆಮೇಲೆ ಮುಂದಿನ ಮಾತು. "ಸರ್ವರ್ ಇಲ್ಲ" ಎಂಬುದೂ ಹಾಗೆಯೇ ಒಂದು ಲಕ್ಷಣ ಮಾತ್ರ. ಅದರ ಹಿಂದೆ ಏಳೆಂಟು ಬಗೆಯ ತೊಂದರೆಗಳಿದ್ದು, ಒಂದೊಂದಕ್ಕೂ ಕರೆಯಬೇಕಾದ ಜನ ಬೇರೆ. ಯಾವ ತೊಂದರೆ ಎಂಬುದನ್ನು ಹೆಚ್ಚಿನ ಸಲ ಯಂತ್ರವೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಅದನ್ನು ಓದದೆಯೇ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸುವ ಅಭ್ಯಾಸ ನಮ್ಮ ಕಡೆಯ ಕಚೇರಿಗಳಲ್ಲೆಲ್ಲ ಬೇರೂರಿರುವುದರಿಂದ ಈ ಲೇಖನ ಬರೆಯಬೇಕಾಯಿತು.

ಮೊದಲು ಲೆಕ್ಕದ ಪುಸ್ತಕ ಎಲ್ಲಿದೆ ಎಂಬುದನ್ನು ತಿಳಿಯಬೇಕು. ಹಿಂದೆ ಲೆಡ್ಜರು ನಮ್ಮ ಬೀರುವಿನಲ್ಲೇ ಇತ್ತು. 2000ದ ಆಸುಪಾಸಿನಲ್ಲಿ ರಾಜ್ಯದ ಕಂದಾಯ ಇಲಾಖೆಯವರು 'ಭೂಮಿ' ಯೋಜನೆಯನ್ನು ತಂದು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ತಂತಿ ಕಡಿದರೂ ಅದೇ ಕಟ್ಟಡದೊಳಗೆ ಕಡಿಯಬೇಕಿತ್ತು. ಮುಂದೆ ಈ ಬಗೆಯ ದಾಖಲೆಗಳೆಲ್ಲ ದೂರದ ಕೇಂದ್ರಗಳಿಗೆ ಹೋದವು. ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಮೊದಲ ಅಂದಾಜಿನಲ್ಲಿ 63,000 ಸಂಘಗಳು, 2,516 ಕೋಟಿ ರೂಪಾಯಿ. ಇದರಲ್ಲಿಯೂ ಪುಸ್ತಕ ದೂರದಲ್ಲಿದ್ದು, ನಮ್ಮ ಕೌಂಟರಿನಲ್ಲಿರುವುದು ಅದನ್ನು ಓದುವ ಬರೆಯುವ ಕಿಟಕಿ ಮಾತ್ರ.

ಪುಸ್ತಕವನ್ನು ಇಟ್ಟುಕೊಂಡು, ಕೇಳಿದವರಿಗೆ ಪುಟ ತೆಗೆದು ತೋರಿಸುವ, ಹೇಳಿದ್ದನ್ನು ಬರೆದುಕೊಳ್ಳುವ ಯಂತ್ರವೇ ಸರ್ವರ್. ಅದರೊಳಗಿನ ಪುಸ್ತಕಕ್ಕೆ ಡೇಟಾಬೇಸ್ ಎಂದು ಹೆಸರು. ಕೇಳುವ ಯಂತ್ರ ಕ್ಲೈಂಟ್. ನಮ್ಮಂಥ ಎಷ್ಟೋ ಸಂಘಗಳಲ್ಲಿ ಇನ್ನೊಂದು ಚಿಕ್ಕ ಏರ್ಪಾಡೂ ಇದೆ: ಗೊಬ್ಬರ, ಔಷಧಿ, ಗೋದಾಮಿನ ದಾಸ್ತಾನಿನ ಲೆಕ್ಕ ಸಂಘದ್ದೇ ಒಂದು ಯಂತ್ರದಲ್ಲಿದ್ದು, ಇತರ ಕೌಂಟರುಗಳು ತಂತಿಯ ಮೂಲಕ ಅದನ್ನು ಕೇಳುತ್ತವೆ. ದೂರದ್ದಾದರೂ ಪಕ್ಕದ ಕೋಣೆಯದಾದರೂ ತೊಂದರೆಯ ಬಗೆಗಳು ಹೆಚ್ಚುಕಡಿಮೆ ಒಂದೇ.

ನಾವು ಲಾರಿಯಲ್ಲಿ ಪಾರ್ಚ್‌ಮೆಂಟ್ ತುಂಬಿ ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಕಳಿಸುತ್ತೇವೆ ಎಂದಿಟ್ಟುಕೊಳ್ಳಿ. ಡ್ರೈವರಿಗೆ ಮೊದಲು ವಿಳಾಸ ಗೊತ್ತಿರಬೇಕು. ರಸ್ತೆ ತೆರೆದಿರಬೇಕು. ಸರಿಯಾದ ಗೇಟಿಗೆ ಹೋಗಬೇಕು. ಗೇಟಿನಲ್ಲಿ ಆಳು ಇರಬೇಕು. ಚೀಟಿ ತೋರಿಸಬೇಕು. ಒಳಗೆ ಲಾರಿ ನಿಲ್ಲಿಸಲು ಜಾಗವಿರಬೇಕು. ಕ್ಲೈಂಟು ಸರ್ವರಿಗೆ ಮಾಡುವ ಪ್ರಯಾಣವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಎಲ್ಲಿ ನಿಂತಿತೋ ಅಲ್ಲಿಯ ಹೆಸರು ಪರದೆಗೆ ಬರುತ್ತದೆ.

ವಿಳಾಸವೇ ಸಿಗದಿದ್ದರೆ 'ಹೋಸ್ಟ್ ನಾಟ್ ಫೌಂಡ್' ಎಂದೋ, ವಿಂಡೋಸ್ ಯಂತ್ರಗಳಲ್ಲಿ 11001 ಎಂಬ ಸಂಖ್ಯೆಯೋ ಬರುತ್ತದೆ. ಯಂತ್ರಗಳಿಗೆ ಹೆಸರು ತಿಳಿಯದು, ಅಂಕಿಯ ವಿಳಾಸ ಮಾತ್ರ ತಿಳಿದೀತು. ಹೆಸರಿಗೆ ಅಂಕಿ ಹುಡುಕಿಕೊಡುವ ಬೇರೆ ಯಂತ್ರಗಳು ಜಾಲದಲ್ಲಿವೆ. ಅವುಗಳಿಂದ ಉತ್ತರ ಬರಲಿಲ್ಲ, ಇಲ್ಲವೆ ಹೆಸರನ್ನು ತಪ್ಪಾಗಿ ಒತ್ತಿದ್ದಾರೆ ಎಂದು ಇದರ ಅರ್ಥ. ಲೈನು ಪೂರ್ತಿ ಸತ್ತಾಗಲೂ ಇದೇ ಸಂದೇಶ ಬರುವುದುಂಟು. ಆದ್ದರಿಂದ ಬೇರೆ ಯಾವುದಾದರೂ ಪುಟ ತೆರೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಮುಂದಿನ ಎರಡು ಸಂದೇಶಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಂದು 'ಟೈಮ್ಡ್ ಔಟ್', ಅದರ ಸಂಖ್ಯೆ 10060. ಇನ್ನೊಂದು 'ಕನೆಕ್ಷನ್ ರೆಫ್ಯೂಸ್ಡ್', ಸಂಖ್ಯೆ 10061. ಅಂಕಿಯಲ್ಲಿ ಒಂದರ ವ್ಯತ್ಯಾಸವಾದರೂ ಅರ್ಥದಲ್ಲಿ ಬಹಳ ದೂರ. (ಈ 'ರೆಫ್ಯೂಸ್ಡ್' ಎಂಬ ಶಬ್ದವನ್ನು ಕೌಂಟರಿನ ಆಚೆಯಿಂದಲೇ ಓದಿದ ಹಿರಿಯ ಸದಸ್ಯರೊಬ್ಬರು ತಮ್ಮ ಸಾಲವನ್ನೇ ನಿರಾಕರಿಸಿದ್ದಾರೆಂದು ತಿಳಿದು ಅಧ್ಯಕ್ಷರ ಕೋಣೆಗೆ ನಡೆದದ್ದೂ ಉಂಟು.) ಟೈಮ್ಡ್ ಔಟ್ ಎಂದರೆ ನಾವು ಕೂಗಿದೆವು, ಯಾರೂ ಓಗೊಡಲಿಲ್ಲ. ರೆಫ್ಯೂಸ್ಡ್ ಎಂದರೆ ಕೂಗಿದೆವು, ಆ ವಿಳಾಸದಲ್ಲಿರುವ ಯಂತ್ರವೇ "ಈ ಗೇಟಿನಲ್ಲಿ ಯಾರೂ ಇಲ್ಲ" ಎಂದು ಹೇಳಿ ಕಳಿಸಿತು. ಎರಡನೆಯದರಲ್ಲಿ ರಸ್ತೆ ಸರಿಯಾಗಿದೆ ಎಂಬುದು ಸಿದ್ಧವಾಯಿತು. ಲೈನಿನವರನ್ನು ಕರೆಸಿ ಫಲವಿಲ್ಲ.

ಸಂದೇಶ ಓದಲು ಬಾರದಿದ್ದರೂ ಗಡಿಯಾರ ನೋಡಿ ಹೇಳಬಹುದು. ಗುಂಡಿ ಒತ್ತಿದ ಒಂದೆರಡು ಸೆಕೆಂಡಿನಲ್ಲೇ ತಪ್ಪು ತೋರಿಸಿದರೆ ಬಹುಮಟ್ಟಿಗೆ ಅದು ಗೇಟಿನ ತೊಂದರೆ. ಹದಿನೈದು ಇಪ್ಪತ್ತು ಸೆಕೆಂಡು ಸುಮ್ಮನೆ ಕಾದು ಆಮೇಲೆ ತೋರಿಸಿದರೆ ರಸ್ತೆಯದು. ಉತ್ತರ ಬರಲಿಲ್ಲವೆಂದು ಯಂತ್ರ ತಾನೇ ಎರಡು ಮೂರು ಸಲ ಕರೆದು, ಪ್ರತಿಸಲವೂ ಮೊದಲಿಗಿಂತ ಹೆಚ್ಚು ಹೊತ್ತು ಕಾಯುವುದರಿಂದ ಆ ತಡ.

ಗೇಟು ಎಂದೆವಲ್ಲ, ಅದಕ್ಕೆ ಪೋರ್ಟ್ ಎನ್ನುತ್ತಾರೆ. ಒಂದು ಯಂತ್ರಕ್ಕೆ 65,535 ಗೇಟುಗಳಿದ್ದು, ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ವಾಡಿಕೆಯಾಗಿದೆ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸಿಗೆ 1433, ಮೈಎಸ್‌ಕ್ಯುಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಒರಾಕಲ್‌ಗೆ 1521. ಯಂತ್ರ ಹೊತ್ತಿಕೊಂಡಿದ್ದು ಡೇಟಾಬೇಸಿನ ಕಾರ್ಯಕ್ರಮ ಮಾತ್ರ ಏಳದಿದ್ದರೆ ರೆಫ್ಯೂಸ್ಡ್ ಬರುತ್ತದೆ. ಕರೆಂಟು ಹೋಗಿ ಬಂದ ಮೇಲೆ ಇದು ಬಹಳ ಸಾಮಾನ್ಯ. ಇನ್ನೊಂದು ಸಂದರ್ಭವಿದೆ. ಮುಖ್ಯ ಯಂತ್ರದ ಮುಂದೆ ಕುಳಿತರೆ ಲೆಕ್ಕ ತೆರೆಯುತ್ತದೆ, ಪಕ್ಕದ ಕೌಂಟರಿನಿಂದ ತೆರೆಯುವುದಿಲ್ಲ. ಹೊಸದಾಗಿ ಕೂರಿಸಿದಾಗ ಪೋಸ್ಟ್‌ಗ್ರೆಸ್ ತನ್ನ ಯಂತ್ರದೊಳಗಿನ ಕರೆಗೆ ಮಾತ್ರ ಕಿವಿಗೊಡುತ್ತದೆ. ಎಸ್‌ಕ್ಯುಎಲ್ ಸರ್ವರಿನ ಎಕ್ಸ್‌ಪ್ರೆಸ್ ಎಂಬ ಉಚಿತ ಆವೃತ್ತಿಯಲ್ಲಿ ಜಾಲದ ದಾರಿಯನ್ನೇ ಮುಚ್ಚಿಟ್ಟಿರುತ್ತಾರೆ. ಕೂರಿಸಲು ಬಂದವರು ಅದನ್ನು ತೆರೆದು ಹೋಗಬೇಕು, ಮತ್ತು ಎರಡನೆಯ ಕೌಂಟರಿನಿಂದ ಪರೀಕ್ಷಿಸಿ ತೋರಿಸದ ಹೊರತು ಅವರ ಬಿಲ್ಲು ಪಾಸು ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ಕಳೆದ ಮಳೆಗಾಲದಲ್ಲಿ ನಮ್ಮ ಗೋದಾಮಿನಲ್ಲಿ ನಡೆದದ್ದು ಇಲ್ಲಿ ಹೇಳತಕ್ಕದ್ದು. ಎರಡು ದಿನ ಕರೆಂಟಿಲ್ಲದೆ ಇದ್ದು ಬಂದ ಮೇಲೆ ಕೌಂಟರಿನಲ್ಲಿ ರೆಫ್ಯೂಸ್ಡ್ ಎಂದು ಬರತೊಡಗಿತು. ಮುಖ್ಯ ಯಂತ್ರದಲ್ಲಿ ಡೇಟಾಬೇಸು ಎದ್ದು ಕುಳಿತಿದೆ, ಅಲ್ಲಿ ಲೆಕ್ಕ ತೆರೆಯುತ್ತಿದೆ. ಹುಡುಕಿ ನೋಡಲಾಗಿ, ಕಚೇರಿಯೊಳಗಿನ ಯಂತ್ರಗಳಿಗೆ ವಿಳಾಸ ಹಂಚುವ ರೂಟರ್ ಪೆಟ್ಟಿಗೆ ಕರೆಂಟು ಬಂದ ಮೇಲೆ ಹೊಸದಾಗಿ ವಿಳಾಸ ಹಂಚಿತ್ತು. ಮುಖ್ಯ ಯಂತ್ರಕ್ಕೆ ಬೇರೊಂದು ಅಂಕಿ ಸಿಕ್ಕಿ, ಅದರ ಹಳೆಯ ಅಂಕಿ ಪ್ರಿಂಟರಿಗೆ ಹೋಗಿತ್ತು. ಕೌಂಟರು ದಿನವಿಡೀ ಪ್ರಿಂಟರನ್ನು ಲೆಡ್ಜರು ಕೇಳುತ್ತಿತ್ತು. ಪ್ರಿಂಟರು ಪಾಪ ಇಂಥ ಗೇಟು ನನ್ನಲ್ಲಿಲ್ಲವೆಂದು ಉತ್ತರ ಕೊಡುತ್ತಿತ್ತು. ಯಂತ್ರ ಕೂರಿಸಿದವರು ಮುಖ್ಯ ಯಂತ್ರದ ವಿಳಾಸವನ್ನು ಸ್ಥಿರಗೊಳಿಸಿರಲಿಲ್ಲ. ಸ್ಥಿರಗೊಳಿಸುವುದು ಐದು ನಿಮಿಷದ ಕೆಲಸ. ವಿಳಾಸ 169.254 ಎಂದು ಪ್ರಾರಂಭವಾಗಿದ್ದರೆ ಯಂತ್ರಕ್ಕೆ ಯಾರೂ ವಿಳಾಸ ಕೊಡಲಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಆಗ ನೋಡಬೇಕಾದದ್ದು ತಂತಿ ಮತ್ತು ರೂಟರ್.

ಇನ್ನು ಟೈಮ್ಡ್ ಔಟ್ ವಿಚಾರ. ನಮ್ಮ ಬೆಟ್ಟಗಳಲ್ಲಿ ಇದಕ್ಕೆ ಕಾರಣ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಆಷಾಢದ ಗಾಳಿಗೆ ಸಿಲ್ವರ್ ಮರದ ಕೊಂಬೆ ಮುರಿದು ಕಂಬದ ಮೇಲಿನ ಕೇಬಲ್ಲಿನ ಮೇಲೆ ಬೀಳುತ್ತದೆ. ಹಾಸನ–ಮಾರನಹಳ್ಳಿ ನಾಲ್ಕು ಪಥದ ಕಾಮಗಾರಿ ನಡೆದ ವರ್ಷಗಳಲ್ಲಿ ಜೆಸಿಬಿಯ ಹಲ್ಲಿಗೆ ಹೂತ ಕೇಬಲ್ಲುಗಳು ಸಿಕ್ಕಿದ್ದನ್ನು ಎಲ್ಲರೂ ಕಂಡಿದ್ದೇವೆ. 2024ರ ಜುಲೈನಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದು ಹೆದ್ದಾರಿಯೇ ನಿಂತಿತು. ಗುಡ್ಡ ಜರಿದ ಕಡೆ ಕೇಬಲ್ಲು ಮಾತ್ರ ಉಳಿದೀತೆಂದು ನಿರೀಕ್ಷಿಸಲಾಗದು. ಫೈಬರ್ ಲೈನಿನ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂದು ಬರೆದ ದೀಪವೊಂದಿದೆ. ಅದು ಕೆಂಪಾಗಿ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ, ಕೇಬಲ್ಲು ಕಡಿದಿದೆ ಅಥವಾ ತೀರ ಬಾಗಿದೆ. ಆಗ ಗುಮಾಸ್ತರು ಏನು ಒತ್ತಿದರೂ ವ್ಯರ್ಥ. ದೂರು ಕೊಟ್ಟು ಮೊಬೈಲಿನ ಲೈನಿಗೆ ಬದಲಿಸಿಕೊಳ್ಳುವುದೊಂದೇ ದಾರಿ.

ಆ ದೀಪ ಸರಿಯಿದ್ದೂ ಉತ್ತರ ಬರದಿದ್ದರೆ 'ಪಿಂಗ್' ಎಂಬ ಚಿಕ್ಕ ಪರೀಕ್ಷೆ ಮಾಡಬೇಕು. ನಾವು ಕಣಿವೆಯ ಈಚೆ ನಿಂತು ಕೂ ಎನ್ನುವಂತೆಯೇ ಇದು. ಮೊದಲು ನಮ್ಮದೇ ರೂಟರಿಗೆ (ಸಾಮಾನ್ಯವಾಗಿ 192.168.1.1), ಆಮೇಲೆ ಹೊರಗಿನ ಯಾವುದಾದರೂ ವಿಳಾಸಕ್ಕೆ, ಕಡೆಗೆ ಸರ್ವರಿಗೆ. ರೂಟರೇ ಓಗೊಡದಿದ್ದರೆ ತೊಂದರೆ ನಮ್ಮ ನಾಲ್ಕು ಗೋಡೆಯೊಳಗೇ ಇದೆ. ಹೂಮಳೆಯ ಕಾಲದ ಸಿಡಿಲಿಗೆ ದೀಪ ಉರಿಯುತ್ತಲೇ ಇದ್ದು ತಂತಿ ಸಿಕ್ಕಿಸುವ ಒಂದು ತೂತು ಮಾತ್ರ ಸುಟ್ಟಿರುವುದುಂಟು. ಪಕ್ಕದ ತೂತಿಗೆ ಬದಲಿಸಿ ನೋಡಬೇಕು. ಸರ್ವರು ಪಿಂಗಿಗೆ ಓಗೊಡದಿದ್ದರೆ ಮಾತ್ರ ಅದು ಸತ್ತಿದೆಯೆಂದು ಹೇಳುವಂತಿಲ್ಲ. ಭದ್ರತೆಗಾಗಿ ಪಿಂಗಿಗೆ ಉತ್ತರ ಕೊಡಬೇಡವೆಂದು ಹಲವರು ಕಟ್ಟುಮಾಡಿರುತ್ತಾರೆ. ಫೈರ್‌ವಾಲ್ ಎಂಬ ಕಾವಲುಗಾರನೂ ಅಂಥವನೇ. ಗೊತ್ತಿಲ್ಲದವರು ಬಂದರೆ ಇಲ್ಲವೆಂದೂ ಹೇಳದೆ ಸುಮ್ಮನಿದ್ದುಬಿಡುತ್ತಾನೆ, ನಮಗೆ ಅದು ರಸ್ತೆ ಕಡಿದಂತೆಯೇ ಕಾಣುತ್ತದೆ. ಇತರ ಸಂಘದವರಿಗೆ ಫೋನು ಮಾಡಿ ಅವರಲ್ಲಿ ನಡೆಯುತ್ತಿದೆಯೇ ಎಂದು ಕೇಳುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಗೇಟು ದಾಟಿ ಚೀಟಿಯಲ್ಲಿ ಸಿಕ್ಕಿಬಿದ್ದರೆ 'ಲಾಗಿನ್ ಫೇಲ್ಡ್', 'ಆಕ್ಸೆಸ್ ಡಿನೈಡ್' ಎಂದು ಬರುತ್ತದೆ. ಎಸ್‌ಕ್ಯುಎಲ್ ಸರ್ವರಿನಲ್ಲಿ ಅದರ ಸಂಖ್ಯೆ 18456, ಮೈಎಸ್‌ಕ್ಯುಎಲ್‌ನಲ್ಲಿ 1045. ಇದು ಒಂದು ರೀತಿಯಲ್ಲಿ ಶುಭಸೂಚನೆ. ರಸ್ತೆ, ಗೇಟು, ಡೇಟಾಬೇಸು ಎಲ್ಲವೂ ಸರಿ, ಗುಪ್ತಪದ ಮಾತ್ರ ತಪ್ಪಿದೆ ಅಥವಾ ಅವಧಿ ಮುಗಿದಿದೆ. ಒಳಗೆ ಜಾಗವಿಲ್ಲದಿದ್ದರೆ 'ಟೂ ಮೆನಿ ಕನೆಕ್ಷನ್ಸ್' ಎಂಬುದು ಬರುತ್ತದೆ. ಬದಲಿಸದೆ ಬಿಟ್ಟರೆ ಮೈಎಸ್‌ಕ್ಯುಎಲ್ ಒಂದೇ ಹೊತ್ತಿಗೆ 151 ಜನರನ್ನು, ಪೋಸ್ಟ್‌ಗ್ರೆಸ್ 100 ಜನರನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಮಾರ್ಚ್ ಕಡೆಯ ವಾರದಲ್ಲಿ ಎಲ್ಲ ಸಂಘದವರೂ ಒಟ್ಟಿಗೆ ನುಗ್ಗಿದರೆ ದೊಡ್ಡ ಸರ್ವರುಗಳಿಗೂ ಇಂಥ ಮಿತಿ ಮುಟ್ಟಬಹುದು. ಇದಕ್ಕೆ ನಮ್ಮ ಕೈಯಲ್ಲಿರುವ ಔಷಧ, ಬೆಳಿಗ್ಗೆ ಬೇಗ ಕೌಂಟರು ತೆರೆಯುವುದು.

ದೂರದ ಸರ್ವರಿನ ಪುಟ ಪೂರ್ತಿಯಾಗಿ ತೆರೆದು, ಅದರೊಳಗೇ 'ಡೇಟಾಬೇಸ್ ಎರರ್' ಎಂದು ಬರೆದು ಬಂದರೆ ನಮ್ಮ ಲೈನಿಗೆ ಯಾವ ದೋಷವೂ ಇಲ್ಲ. ಅಲ್ಲಿ ಪುಟ ತೋರಿಸುವ ಯಂತ್ರ ಒಂದು, ಪುಸ್ತಕ ಇಟ್ಟ ಯಂತ್ರ ಇನ್ನೊಂದು. ಆ ಎರಡರ ನಡುವೆ ಮಾತು ನಿಂತಿದೆ. ಈ ಒಂದು ಸಂದರ್ಭದಲ್ಲಿ "ಸರ್ವರ್ ಇಲ್ಲ" ಎಂಬುದು ಅಕ್ಷರಶಃ ಸತ್ಯ.

ಎರಡು ವಿಚಿತ್ರ ತೊಂದರೆಗಳಿವೆ. ಯಂತ್ರದೊಳಗೆ ಗಡಿಯಾರ ನಡೆಸಲು ನಾಣ್ಯದಂಥ 3 ವೋಲ್ಟಿನ ಒಂದು ಸೆಲ್ಲಿರುತ್ತದೆ, ಸಿಆರ್2032 ಎಂದು. ಅದು ಸತ್ತಿದ್ದು ಕರೆಂಟೂ ಹೋದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಸರ್ವರು ತಾನು ಯಾರೆಂದು ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇದ್ದು, ಹಿಂದಿನ ತಾರೀಖಿನಲ್ಲಿ ಬದುಕುತ್ತಿರುವ ನಮ್ಮ ಯಂತ್ರ ಅದನ್ನು ಇನ್ನೂ ಜಾರಿಗೆ ಬಾರದ ಪತ್ರವೆಂದು ತಳ್ಳಿಹಾಕುತ್ತದೆ. ಸಂಪರ್ಕ ಸುರಕ್ಷಿತವಲ್ಲ ಎಂದು ಹೆದರಿಸುವ ಪುಟ ಬಂದಾಗ ಮೊದಲು ಪರದೆಯ ಮೂಲೆಯ ತಾರೀಖು ನೋಡಬೇಕು. ಎರಡನೆಯದು, ಒಳಗೆ ಹೋಗಲು ಬರುತ್ತದೆ, ಒಬ್ಬ ಸದಸ್ಯನ ಖಾತೆ ತೆರೆಯುತ್ತದೆ, ದೊಡ್ಡ ಪಟ್ಟಿ ಕೇಳಿದರೆ ಮಾತ್ರ ಯಂತ್ರ ಸ್ತಬ್ಧ. ಜಾಲದಲ್ಲಿ ಸರಕು ಚೀಲಗಳಲ್ಲಿ ಹೋಗುತ್ತದೆ, ಚೀಲದ ಅಳತೆ ವಾಡಿಕೆಯಲ್ಲಿ 1500 ಬೈಟ್. ಕೆಲವು ಬ್ರಾಡ್‌ಬ್ಯಾಂಡ್ ಲೈನುಗಳಲ್ಲಿ ಮೇಲುಹೊದಿಕೆಗೆ 8 ಬೈಟ್ ಹೋಗಿ 1492 ಮಾತ್ರ ಹಿಡಿಸುತ್ತದೆ. ದಾರಿಯಲ್ಲಿರುವವರು ಚೀಲ ದೊಡ್ಡದಾಯಿತೆಂದು ತಿಳಿಸಿದರೆ ಸರ್ವರು ಚಿಕ್ಕದಾಗಿ ಕಟ್ಟುತ್ತದೆ. ಯಾವನೋ ಕಾವಲುಗಾರ ಆ ಸುದ್ದಿಯನ್ನೂ ತಡೆದರೆ ದೊಡ್ಡ ಚೀಲಗಳೆಲ್ಲ ಮಧ್ಯದಾರಿಯಲ್ಲಿ ಮಾಯ. "ಚಿಕ್ಕದು ಬರುತ್ತೆ, ದೊಡ್ಡದು ಬರಲ್ಲ" ಎಂದು ಲೈನಿನವರಿಗೆ ಇದ್ದಂತೆಯೇ ಹೇಳಿದರೆ ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ.

ಇಷ್ಟೂ ಸಂಪರ್ಕ ಸಿಗದೆ ಹೋಗುವ ಮಾತಾಯಿತು. ಸದಸ್ಯರ ಹಣದ ದೃಷ್ಟಿಯಿಂದ ಇದಕ್ಕಿಂತ ಗಂಭೀರವಾದದ್ದು ಸಂಪರ್ಕ ಸಿಕ್ಕು ನಡುವೆ ಕಡಿಯುವುದು. ಗುಮಾಸ್ತರು ನಿಮ್ಮ ಹತ್ತು ಸಾವಿರ ರೂಪಾಯಿ ಎಣಿಸಿಕೊಂಡು ಜಮಾ ಗುಂಡಿ ಒತ್ತಿದರು. ರಸೀದಿ ಬರುವ ಮುನ್ನ 'ಕನೆಕ್ಷನ್ ರೀಸೆಟ್' ಎಂದು ಬಂತು. ಹಣ ಜಮಾ ಆಯಿತೇ, ಇಲ್ಲವೇ? ಆ ಸಂದೇಶವೊಂದರಿಂದಲೇ ಹೇಳಲು ಸಾಧ್ಯವಿಲ್ಲ. ನಮ್ಮ ಮಾತು ಹೋಗುವಾಗ ದಾರಿಯಲ್ಲಿ ಬಿದ್ದಿದ್ದರೆ ಜಮಾ ಆಗಿಲ್ಲ. ಸರ್ವರು ಬರೆದುಕೊಂಡು, ಬರೆದೆ ಎಂದು ಹೇಳಿ ಕಳಿಸಿದ ಉತ್ತರ ಬಿದ್ದುಹೋಗಿದ್ದರೆ ಜಮಾ ಆಗಿದೆ. ಎರಡರಲ್ಲೂ ನಮ್ಮ ಪರದೆಗೆ ಕಾಣುವುದು ಒಂದೇ. ಅರ್ಧ ಮಾತ್ರ ಬರೆದು ನಿಲ್ಲುವ ಭಯ ಬೇಡ. ಒಂದು ವ್ಯವಹಾರವನ್ನು ಪೂರ್ತಿ ಬರೆಯುವುದು ಇಲ್ಲವೆ ಪೂರ್ತಿ ಅಳಿಸುವುದು ಸರಿಯಾಗಿ ಕಟ್ಟಿದ ಡೇಟಾಬೇಸಿನ ನಿಯಮ. ಭಯವಿರುವುದು ಗಾಬರಿಯಿಂದ ಗುಂಡಿಯನ್ನು ಮತ್ತೊಮ್ಮೆ ಒತ್ತುವುದರಲ್ಲಿ. ಹಾಗೆ ಒತ್ತಿದರೆ ಒಂದೇ ಹಣ ಎರಡು ಸಲ ಜಮಾ ಆಗಿ ಸಂಜೆ ನಗದು ತಾಳೆಯಾಗದೆ, ಸರಿಪಡಿಸಲು ವಾರ ಹಿಡಿಯುತ್ತದೆ. ಆದ್ದರಿಂದ ಸಂಪರ್ಕ ಮರಳಿದ ಕೂಡಲೇ ಖಾತೆಯ ಕೊನೆಯ ನಮೂದನ್ನು ತೆರೆದು ನೋಡಬೇಕು. ಅಲ್ಲಿದ್ದರೆ ರಸೀದಿಯನ್ನಷ್ಟೇ ಮತ್ತೆ ತೆಗೆಯಬೇಕು, ಇಲ್ಲದಿದ್ದರೆ ಮಾತ್ರ ಹೊಸದಾಗಿ ಬರೆಯಬೇಕು.

ಇಂಥ ಕಡಿತ ಊಟದ ನಂತರದ ಮೊದಲ ನಮೂದಿಗೆ ಹೆಚ್ಚಾಗಿ ಬರುವುದನ್ನು ಗಮನಿಸಿದ್ದೇವೆ. ಬಹಳ ಹೊತ್ತು ಮಾತಿಲ್ಲದ ಸಂಪರ್ಕವನ್ನು ನಡುವಿನ ಪೆಟ್ಟಿಗೆಗಳು ಯಾರಿಗೂ ತಿಳಿಸದೆ ಮರೆತುಬಿಡುತ್ತವೆ. ಪರದೆ ಮಾತ್ರ ಎಲ್ಲ ಸರಿಯಿದೆ ಎಂಬಂತೆ ಕಾಣುತ್ತಿರುತ್ತದೆ. ಬಿಡುವಿನ ನಂತರ ಹೊರಬಂದು ಮತ್ತೆ ಒಳಹೋಗಿಯೇ ಹಣ ತೆಗೆದುಕೊಳ್ಳಬೇಕೆಂದು ಸಿಬ್ಬಂದಿಗೆ ತಿಳಿಸಲಾಗಿದೆ.

ಈ ತಿಂಗಳಿನಿಂದ ನಮ್ಮ ಎರಡೂ ಕೌಂಟರುಗಳಲ್ಲಿ ಒಂದು ಪುಸ್ತಕವನ್ನು ಇರಿಸಲಾಗಿದೆ. ಸಂಪರ್ಕ ತಪ್ಪಿದಾಗ ವೇಳೆ, ಪರದೆಯ ಸಂದೇಶ ಇದ್ದದ್ದು ಇದ್ದ ಹಾಗೆ, ಎಷ್ಟು ಸೆಕೆಂಡಿಗೆ ಬಂತು, ಕೆಂಪು ದೀಪ ಇತ್ತೇ, ಯಾರಿಗೆ ಫೋನು ಮಾಡಲಾಯಿತು ಎಂಬುದನ್ನು ಅದರಲ್ಲಿ ಬರೆಯುತ್ತಾರೆ. ಬರಿಗೈಯಲ್ಲಿ ಹಿಂದಿರುಗಬೇಕಾದ ಸದಸ್ಯರು ಅದರಲ್ಲಿ ತಮ್ಮ ಹೆಸರು, ಖಾತೆ ಸಂಖ್ಯೆ, ಬಂದ ಕೆಲಸ, ತಂದಿದ್ದ ಹಣ ನಮೂದಿಸಿ ಸಹಿ ಮಾಡಬಹುದು; ಗುಮಾಸ್ತರ ಸಹಿಯೂ ಪಕ್ಕದಲ್ಲಿರುತ್ತದೆ. ಗಡುವಿನ ದಿನ ಹೀಗಾದರೆ ಆ ಪುಟದ ನಕಲನ್ನು ಕೇಳಿ ಪಡೆಯಿರಿ. ಬಡ್ಡಿ ರಿಯಾಯಿತಿಯ ವಿಚಾರದಲ್ಲಿ ಮೇಲಿನವರಿಗೆ ಬರೆಯುವಾಗ ಆಡಳಿತ ಮಂಡಳಿ ಅದನ್ನು ಲಗತ್ತಿಸಲಿದೆ. ಹಣ ಎಣಿಸಿಕೊಟ್ಟ ಮೇಲೆ ಸಂಪರ್ಕ ಕಡಿದಿದ್ದರೆ ಕೈಬರಹದ ತಾತ್ಕಾಲಿಕ ರಸೀದಿ ಪಡೆಯದೆ ಕೌಂಟರು ಬಿಡಬೇಡಿ. ಮಾರನೆಯ ದಿನ ಯಂತ್ರದ ರಸೀದಿಯೊಡನೆ ಅದನ್ನು ಬದಲಿಸಿಕೊಡಲಾಗುವುದು.